ಪೂರ್ವಪಕ್ಷದಲ್ಲಿ ಉಳಿದವರು: ಕರ್ಣಾಟಕದ ಬೌದ್ಧಮತಕ್ಕೆ ಶಿಲೆ ಮತ್ತು ಓಲೆಗಳ ಸಾಕ್ಷ್ಯ

ಹೆಬ್ಬೆಯ ಕಡೆಯ ಕಾಫಿತೋಟದ ಮನೆಯೊಂದರಲ್ಲಿ ಹಸ್ತಪ್ರತಿಗಳ ಕಟ್ಟೊಂದು ಇದೆಯೆಂದು ತಿಳಿದು ಕೆಲವು ವರ್ಷಗಳ ಹಿಂದೆ ಅದನ್ನು ನೋಡಲು ಹೋಗಿದ್ದೆನು. ತರೀಕೆರೆಯಿಂದ ಕೆಮ್ಮಣ್ಣುಗುಂಡಿಯ ದಾರಿ ಹಿಡಿದು ಏರಬೇಕಾದ ಸೀಮೆ ಅದು. ಮನೆಯವರು ಶ್ರಾವಕರು. ಅವರ ಹಿರಿಯರು ಇಲ್ಲಿಗೆ ಬಂದು ನೆಲಸಿದಾಗ ದೇವರ ಪೆಟ್ಟಿಗೆಯೊಡನೆ ಶಾಸ್ತ್ರದ ಕಟ್ಟನ್ನೂ ತಂದಿದ್ದರಂತೆ. ಕಟ್ಟಿನಲ್ಲಿದ್ದವು ಬಹುಮಟ್ಟಿಗೆ ಪೂಜಾವಿಧಾನಗಳು, ನೋಂಪಿಯ ಕಥೆಗಳು. ಅವುಗಳ ನಡುವೆ ಕನ್ನಡ ಲಿಪಿಯಲ್ಲಿ ಬರೆದ ಒಂದು ಕಾಗದದ ಪ್ರತಿ ಕಂಡಿತು. ಮಾಣಿಕ್ಯನಂದಿಯವರ ಪರೀಕ್ಷಾಮುಖಸೂತ್ರಗಳಿಗೆ ಲಘು ಅನಂತವೀರ್ಯರು ರಚಿಸಿದ ಪ್ರಮೇಯರತ್ನಮಾಲೆ ಅದಾಗಿತ್ತು. ಅಕ್ಷರ ದುಂಡಾಗಿದೆ, ಶಾಯಿ ಕೆಟ್ಟಿಲ್ಲ, ಸೂತ್ರಗಳಿಗೆ ಕೆಂಪು ಗುರುತಿದೆ. ಆದರೆ ವಿಷಯವನ್ನು ವಿಚಾರಿಸುವ ನಾಲ್ಕನೆಯ ಸಮುದ್ದೇಶಕ್ಕೆ ಬಂದಾಗ, ವಿಶೇಷವೊಂದೇ ಸತ್ಯ, ಅದೂ ಕ್ಷಣಿಕ ಎಂದು ವಾದಿಸುವ ಸೌಗತನ ಮಾತು ಇರಬೇಕಾದ ಕಡೆ ಲಿಪಿಕಾರನು ‘ಇಲ್ಲಿ ಬೌದ್ಧರ ಪೂರ್ವಪಕ್ಷ’ ಎಂದಷ್ಟೇ ಬರೆದು, ಎರಡು ಬೆರಳಿನಷ್ಟು ತೆರಪು ಬಿಟ್ಟು, ನೇರವಾಗಿ ಖಂಡನೆಗೆ ಹೋಗಿದ್ದಾನೆ. ಉತ್ತರವಿದೆ, ಪ್ರಶ್ನೆಯಿಲ್ಲ.

ಪ್ರಮೇಯರತ್ನಮಾಲೆ ಹಲವು ಬಾರಿ ಅಚ್ಚಾಗಿರುವ ಗ್ರಂಥ. ಆದ್ದರಿಂದ ಈ ತೆರಪಿನಿಂದ ಲೋಕಕ್ಕೆ ನಷ್ಟವೇನೂ ಆಗಿಲ್ಲ. ಲಿಪಿಕಾರನನ್ನು ನಿಂದಿಸುವುದೂ ನನ್ನ ಉದ್ದೇಶವಲ್ಲ. ಪರಮತದ ಮಾತನ್ನು ಬರೆದು ಕೈ ನೋಯಿಸಿಕೊಳ್ಳುವುದೇಕೆ ಎಂದು ಅವನಿಗೆ ತೋರಿದ್ದರೆ ಅದು ಅವನೊಬ್ಬನ ಭಾವನೆಯಲ್ಲ. ನ್ಯಾಯಗ್ರಂಥಗಳ ಪಾಠ ಹೇಳುವಾಗ ಪೂರ್ವಪಕ್ಷವನ್ನು ಓಡಿಸಿಬಿಡುವ ರೂಢಿ ನಮ್ಮ ಪಾಠಶಾಲೆಗಳಲ್ಲಿಯೂ ಇತ್ತು. ನಾನೂ ಹಾಗೆಯೇ ಓದಿದವನು. ಆದರೆ ಕರ್ಣಾಟಕದಲ್ಲಿ ಸಾವಿರಕ್ಕೂ ಮಿಕ್ಕಿದ ವರ್ಷಗಳ ಕಾಲ ಬಾಳಿದ ಒಂದು ಮತದ ಚರಿತ್ರೆಯನ್ನು ಬರೆಯಹೊರಟಾಗ ಆ ತೆರಪಿನ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ಈ ನಾಡಿನ ಬೌದ್ಧವಿಹಾರಗಳ ದಾನವನ್ನು ಹೇಳಲು ಶಾಸನಗಳಿವೆ. ಅವುಗಳೊಳಗೆ ಕುಳಿತವರು ಏನನ್ನು ನಂಬಿದ್ದರು, ಹೇಗೆ ವಾದಿಸುತ್ತಿದ್ದರು ಎಂಬುದನ್ನು ವಿಸ್ತಾರವಾಗಿ ಹೇಳುವ ಬರೆಹ ಇರುವುದು ಅವರ ಪ್ರತಿವಾದಿಗಳಾದ ನಮ್ಮ ಆಚಾರ್ಯರ ಗ್ರಂಥಗಳಲ್ಲಿ.

ಮೊದಲು ಶಿಲೆಗಳ ಮಾತು. ಹೆಬ್ಬೆಯ ಹಳ್ಳಗಳು ಭದ್ರೆಗೆ ಇಳಿಯುತ್ತವೆ. ಅದೇ ಚಂದ್ರದ್ರೋಣ ಪರ್ವತದ ಮೂಡಣ ಮಗ್ಗುಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಈ ಎರಡು ನೀರುಗಳನ್ನೂ ಅನುಸರಿಸಿ ಕೆಳಗೆ ಹೋದವನು ಅಶೋಕನ ಶಾಸನಗಳ ನಾಡನ್ನು ಮುಟ್ಟುತ್ತಾನೆ. ವೇದಾವತಿಯ ಸೀಮೆಯಲ್ಲಿ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗರಾಮೇಶ್ವರಗಳ ಶಾಸನಗಳನ್ನು ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ತುಂಗಭದ್ರೆಯ ಸೀಮೆಯಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಶಾಸನಗಳು ೧೯೩೧ರಲ್ಲಿಯೂ, ನಿಟ್ಟೂರು ಮತ್ತು ಉಡೇಗೋಳಗಳವು ೧೯೭೭ರಲ್ಲಿಯೂ ತಿಳಿದುಬಂದವು. ೧೯೧೫ರಲ್ಲಿ ದೊರೆತ ಮಸ್ಕಿಯ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನೆಂಬ ಹೆಸರೇ ಇದ್ದುದರಿಂದ, ಅದುವರೆಗೆ ಊಹೆಯಾಗಿದ್ದುದು ನಿಶ್ಚಯವಾಯಿತು.

ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯ ಆರ್ಯಪುತ್ರನು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ. ಅದರಲ್ಲಿ ಅಶೋಕನು ತಾನು ಉಪಾಸಕನಾದುದನ್ನೂ ಸಂಘವನ್ನು ಸೇರಿ ಉದ್ಯುಕ್ತನಾದುದನ್ನೂ ಹೇಳಿಕೊಳ್ಳುತ್ತಾನೆ. ಆದರೆ ಜನರಿಗೆ ವಿಧಿಸುವುದು ತಾಯಿತಂದೆಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯ, ಗುರುಗೌರವ ಇಷ್ಟನ್ನೇ. ಇದರಲ್ಲಿ ನಮ್ಮ ಶ್ರಾವಕನು ಒಪ್ಪದಿರುವಂಥದು ಯಾವುದೂ ಇಲ್ಲ. ಅವನ ಏಳನೆಯ ಸ್ತಂಭಶಾಸನವು ಧರ್ಮಮಹಾಮಾತ್ರರ ಪಾಲನೆಗೆ ಒಳಪಟ್ಟವರಲ್ಲಿ ಸಂಘದವರು, ಬ್ರಾಹ್ಮಣರು ಮತ್ತು ಆಜೀವಿಕರೊಡನೆ ನಿರ್ಗ್ರಂಥರನ್ನೂ ಹೆಸರಿಸುತ್ತದೆ. ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಪ್ರಿಯವಾಗಬೇಕಾದ ಇನ್ನೊಂದು ಸಂಗತಿ ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿದೆ. ಅದನ್ನು ಬರೆದವನು ಚಪಡನೆಂಬವನು. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ‘ಲಿಪಿಕಾರ’ನೆಂಬ ತನ್ನ ಪದವಿಯನ್ನು ಅವನು ವಾಯವ್ಯದೇಶದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ನಮ್ಮ ನಾಡಿನಲ್ಲಿ ಹೆಸರು ಉಳಿಸಿಹೋದ ಮೊದಲ ಲಿಪಿಕಾರನು ಹೀಗೆ ದೂರದೇಶದ ಅಕ್ಷರವನ್ನು ಬಲ್ಲವನು.

ಸಿಂಹಳದ ಮಹಾವಂಸವು ಮೂರನೆಯ ಸಂಗೀತಿಯ ಅನಂತರ ಮಹಾದೇವಥೇರನನ್ನು ಮಹಿಷಮಂಡಲಕ್ಕೂ ರಕ್ಖಿತಥೇರನನ್ನು ವನವಾಸಕ್ಕೂ ಕಳುಹಿಸಲಾಯಿತೆಂದು ಹೇಳುತ್ತದೆ. ಮಹಿಷಮಂಡಲವೆಂದರೆ ಮೈಸೂರು ಸೀಮೆಯೆಂದು ಕೆಲವರೂ ನರ್ಮದೆಯ ದಂಡೆಯ ಮಾಹಿಷ್ಮತಿಯೆಂದು ಕೆಲವರೂ ವಾದಿಸಿದ್ದಾರೆ. ವನವಾಸವು ಬನವಾಸಿಯೆಂಬುದಕ್ಕೆ ಹೆಚ್ಚಿನ ಸಮ್ಮತಿಯಿದೆ. ಅಲ್ಲಿ ಬೌದ್ಧರ ನೆಲೆಯಿದ್ದುದಕ್ಕೆ ಬೇರೆ ಆಧಾರಗಳೂ ಇವೆ. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ ಚುಟುಕುಲದ ಕಾಲದ ನಾಗಶಿಲೆಯ ಪ್ರಾಕೃತ ಬರೆಹವು ನಾಗ, ತಟಾಕ, ವಿಹಾರ ಈ ಮೂರರ ದಾನವನ್ನು ಹೇಳುತ್ತದೆ. ಕಾರ್ಲೆಯ ಮಹಾಚೈತ್ಯವನ್ನು ಪೂರ್ಣಗೊಳಿಸಿದವನು ವೈಜಯಂತಿಯ, ಎಂದರೆ ಬನವಾಸಿಯ, ಭೂತಪಾಲಶ್ರೇಷ್ಠಿ. ಸಹ್ಯಾದ್ರಿಯಲ್ಲಿ ಅಷ್ಟು ದೊಡ್ಡ ಕೆಲಸವನ್ನು ಮಾಡಿಸಲು ಶಕ್ತನಾದ ಸೆಟ್ಟಿಯ ಊರಿನಲ್ಲಿ ಬೌದ್ಧಸಂಘವು ಅಲ್ಪವಾಗಿರಲಾರದು.

ಭೀಮಾತೀರದ ಸನ್ನತಿಯ ಕಥೆ ಇನ್ನೂ ಸ್ವಾರಸ್ಯವಾದುದು. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನವೆಂಬುದು ೧೯೮೦ರ ದಶಕದಲ್ಲಿ ತಿಳಿಯಿತು. ಮೂರ್ತಿಯನ್ನು ನಿಲ್ಲಿಸಲು ಅದರ ನಡುವೆ ಕುಳಿ ಕೊರೆದಿದ್ದರು. ೧೯೯೦ರ ದಶಕದಲ್ಲಿ ಹತ್ತಿರದ ಕನಗನಹಳ್ಳಿಯಲ್ಲಿ ನಡೆದ ಉತ್ಖನನದಿಂದ ಶಾತವಾಹನರ ಕಾಲದ ಮಹಾಚೈತ್ಯವೊಂದು ಹೊರಬಂದಿತು. ಅದರ ಒಂದು ಫಲಕದಲ್ಲಿ ರಾಣಿಯೊಡನೆ ನಿಂತ ಅರಸನಿದ್ದಾನೆ. ಮೇಲೆ ‘ರಾಯ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಬರೆದಿದೆ.

ಏಳನೆಯ ಶತಮಾನದ ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗನು ಕೊಂಕಣಪುರವೆಂಬಲ್ಲಿ ನೂರಕ್ಕೂ ಹೆಚ್ಚು ಸಂಘಾರಾಮಗಳನ್ನೂ ಸುಮಾರು ಹತ್ತುಸಾವಿರ ಭಿಕ್ಷುಗಳನ್ನೂ ಹೇಳುತ್ತಾನೆ. ಆ ಊರಿನ ಗುರುತಿನ ವಿಷಯದಲ್ಲಿ ನಡೆದಿರುವ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ. ಮಂಗಳೂರಿನ ಕದ್ರಿಯ ಲೋಕೇಶ್ವರಮೂರ್ತಿಯನ್ನು ಆಳುಪ ಕುಂದವರ್ಮನು ೯೬೮ರಲ್ಲಿ ಪ್ರತಿಷ್ಠಿಸಿದ ಶಾಸನವು ಕದಿರಿಕಾ ಎಂಬ ವಿಹಾರವನ್ನು ಹೆಸರಿಸುತ್ತದೆ. ಅದು ಬೌದ್ಧವೋ ನಾಥಪಂಥದ್ದೋ ಎಂಬ ವಾದವೂ ಹಳೆಯದೇ. ಈ ಕಾಲಕ್ಕೆ ನಮ್ಮ ಕಡೂರಿನ ಕಡೆ ಕಾಣುವುದು ಬೇರೆಯ ಶ್ರಮಣರು. ಬೂತುಗನ ಅಕ್ಕ ಪಾಂಬಬ್ಬೆಯು ಕೇಶಲುಂಚನ ಮಾಡಿ, ಮೂವತ್ತು ವರ್ಷ ತಪಸ್ಸಿನಲ್ಲಿದ್ದು, ೯೭೧ರಲ್ಲಿ ದೇಹವನ್ನು ಬಿಟ್ಟುದನ್ನು ಕಡೂರಿನ ಶಾಸನವು ಹೇಳುತ್ತದೆ.

ಬೌದ್ಧಮತದ ಕೊನೆಯ ಸ್ಪಷ್ಟವಾದ ದಾಖಲೆಗಳು ಹನ್ನೊಂದನೆಯ ಶತಮಾನದ ಉತ್ತರಾರ್ಧದವು. ತರೀಕೆರೆಯಿಂದ ಶಿವಮೊಗ್ಗೆಯ ಮೇಲೆ ಹೋದರೆ ಸಿಗುವ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ, ಆಹವಮಲ್ಲ ಸೋಮೇಶ್ವರನ ಅಧಿಕಾರಿಯಾಗಿದ್ದ ರೂಪಭಟ್ಟಯ್ಯನು ೧೦೬೫ರಲ್ಲಿ ಜಯಂತಿ ಬೌದ್ಧವಿಹಾರವನ್ನು ಕಟ್ಟಿಸಿ ತಾರಾಭಗವತಿ, ಲೋಕೇಶ್ವರ, ಬೌದ್ಧದೇವರ ಪೂಜೆಗೂ ಅಲ್ಲಿಯ ಯೋಗಿಗಳ ಆಹಾರಕ್ಕೂ ಭೂಮಿ ಬಿಡಿಸಿದನು. ಅದೇ ಬಳ್ಳಿಗಾವೆಯ ಐದು ಮಠಗಳನ್ನು ಎಣಿಸುವ ಹನ್ನೆರಡನೆಯ ಶತಮಾನದ ಶಾಸನವೊಂದು ಹರಿ, ಹರ, ಕಮಲಾಸನರೊಡನೆ ವೀತರಾಗನನ್ನೂ ಬೌದ್ಧನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಇನ್ನು ಧರ್ಮವೊಳಲು, ಎಂದರೆ ಇಂದಿನ ಡಂಬಳ. ಅಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕೂಡಿ ಬೌದ್ಧವಿಹಾರವನ್ನು ಕಟ್ಟಿಸಿದ್ದರು; ಲೊಕ್ಕಿಗುಂಡಿಯ ಸಂಗವಯ್ಯಸೆಟ್ಟಿಯು ಆರ್ಯತಾರಾದೇವಿಗೆ ಇನ್ನೊಂದು ವಿಹಾರವನ್ನು ಮಾಡಿಸಿದ್ದನು. ಇವೆರಡಕ್ಕೂ ಸಂದ ದಾನವನ್ನು ಆರನೆಯ ವಿಕ್ರಮಾದಿತ್ಯನ ಕಾಲದ, ೧೦೯೫ರ ಶಾಸನವು ದಾಖಲಿಸಿದೆ.

ಲೊಕ್ಕಿಗುಂಡಿಯೆಂಬ ಹೆಸರು ನಮ್ಮವರ ಕಿವಿಗೆ ಬೀಳದೆ ಹೋಗಲಾರದು. ಅದು ದಾನಚಿಂತಾಮಣಿ ಅತ್ತಿಮಬ್ಬೆಯು ಬಸದಿಯನ್ನು ಕಟ್ಟಿಸಿದ ಊರು. ಅಲ್ಲಿಯ ೧೦೦೭ರ ಶಾಸನಕ್ಕೂ ಡಂಬಳದ ಶಾಸನಕ್ಕೂ ನಡುವೆ ಎಂಬತ್ತೆಂಟು ವರ್ಷಗಳ ಅಂತರ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಸುವಿದಿತ. ಒಂದೇ ಊರಿನ ಇಬ್ಬರು ಧನಿಕರು ತಮ್ಮ ತಮ್ಮ ಧರ್ಮಕ್ಕೆ ಧನವನ್ನು ವ್ಯಯಿಸಿದರು. ಒಬ್ಬಳ ಧನವು ಓಲೆಗಳಾಗಿ ಮನೆಮನೆಗೆ ಹೋಯಿತು, ಇನ್ನೊಬ್ಬನದು ವಿಹಾರದ ಗೋಡೆಯಾಗಿ ನಿಂತಿತು. ಬೌದ್ಧರಲ್ಲಿ ಗ್ರಂಥವು ವಿಹಾರದ ಸೊತ್ತು. ವಣಿಕರ ಆಶ್ರಯ ತಪ್ಪಿ ವಿಹಾರವು ಬಿದ್ದಾಗ ಗ್ರಂಥವೂ ಬಿದ್ದಿತು. ನಮ್ಮಲ್ಲಿ ಬಸದಿ ಬಿದ್ದರೂ ಶಾಸ್ತ್ರದಾನದಿಂದ ಶ್ರಾವಕನ ಮನೆಗೆ ಬಂದ ಕಟ್ಟು ಅಟ್ಟದ ಮೇಲೆ ಉಳಿಯುತ್ತಿತ್ತು. ಹೆಬ್ಬೆಯ ಕಟ್ಟು ಉಳಿದುದೂ ಹಾಗೆಯೇ. ಬೌದ್ಧಮತದ ಕ್ಷಯಕ್ಕೆ ರಾಜಾಶ್ರಯದ ಲೋಪ, ಶೈವ ವೈಷ್ಣವಗಳ ಪ್ರಾಬಲ್ಯ, ತಾಂತ್ರಿಕ ಉಪಾಸನೆ ಎಂದು ಹಲವು ಕಾರಣಗಳನ್ನು ಕೊಡುವುದುಂಟು. ಗೃಹಸ್ಥನ ನಿತ್ಯಕರ್ಮದೊಡನೆಯೂ ಅವನ ಮನೆಯ ಪುಸ್ತಕದೊಡನೆಯೂ ಅದರ ನಂಟು ಸಡಿಲವಾಗಿದ್ದುದೇ ಮುಖ್ಯವೆಂದು ನನಗೆ ತೋರುತ್ತದೆ.

ಇನ್ನು ಓಲೆಗಳಿಗೆ ಬರೋಣ. ಸುಗತನ ದರ್ಶನವು ನಮಗೆ ಹತ್ತಿರದಲ್ಲಿದ್ದೇ ದೂರವಾದುದು. ಜಗತ್ಕರ್ತನಾದ ಈಶ್ವರನಿಲ್ಲ, ವೇದವು ಅಪೌರುಷೇಯವಲ್ಲ, ಕರ್ಮಕ್ಕೆ ಫಲವುಂಟು, ಅಹಿಂಸೆ ಧರ್ಮ ಎಂಬಲ್ಲಿ ಎರಡೂ ಶ್ರಮಣಪರಂಪರೆಗಳು ಒಟ್ಟಿಗೆ ನಡೆಯುತ್ತವೆ. ಅರ್ಹತ್, ಜಿನ ಎಂಬ ಶಬ್ದಗಳೂ ಇಬ್ಬರಿಗೂ ಸಮಾನ. ದುಃಖ, ಅದರ ಕಾರಣ, ಅದರ ನಿರೋಧ, ನಿರೋಧದ ಮಾರ್ಗ ಎಂಬ ನಾಲ್ಕು ಸತ್ಯಗಳಲ್ಲಿಯೂ ನಮಗೆ ವಿವಾದಕ್ಕೆ ಹೆಚ್ಚು ಎಡೆಯಿಲ್ಲ. ದಾರಿ ಒಡೆಯುವುದು ಆತ್ಮದ ಪ್ರಶ್ನೆಯಲ್ಲಿ. ಯಾವುದು ಅರ್ಥಕ್ರಿಯೆಯನ್ನು ಮಾಡುವುದೋ ಅದೇ ಸತ್. ನಿತ್ಯವಾದುದು ಕ್ರಮವಾಗಿಯಾಗಲಿ ಒಮ್ಮೆಲೆಯಾಗಲಿ ಕಾರ್ಯವನ್ನು ಮಾಡಲಾರದು. ಆದುದರಿಂದ ಸತ್ತಾದುದೆಲ್ಲ ಕ್ಷಣಿಕ ಎಂಬುದು ಧರ್ಮಕೀರ್ತಿಯ ಸರಣಿ. ಆತ್ಮವೆಂಬ ಒಂದು ದ್ರವ್ಯವಿಲ್ಲ. ದೀಪದ ಕುಡಿಯಂತೆ ಕ್ಷಣಗಳ ಸಂತಾನ ಮಾತ್ರವಿದೆ. ಇಂದ್ರಿಯಕ್ಕೆ ಗೋಚರವಾಗುವುದು ಸ್ವಲಕ್ಷಣ, ಸಾಮಾನ್ಯವು ಬುದ್ಧಿಯ ಕಲ್ಪನೆ, ಶಬ್ದವು ಅನ್ಯಾಪೋಹವನ್ನಷ್ಟೇ ತಿಳಿಸುತ್ತದೆ. ಯೋಗಾಚಾರನು ಇನ್ನೂ ಮುಂದೆ ಹೋಗಿ, ನೀಲವೂ ನೀಲದ ಜ್ಞಾನವೂ ಎಂದಿಗೂ ಒಟ್ಟಾಗಿಯೇ ತೋರುವುದರಿಂದ ಅವೆರಡೂ ಬೇರೆಯಲ್ಲವೆನ್ನುತ್ತಾನೆ.

ಇದಕ್ಕೆ ಸ್ವಾಮಿ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಕೊಟ್ಟ ಉತ್ತರವು ನಮ್ಮವರಿಗೆ ಪರಿಚಿತವೇ. ಕ್ಷಣಿಕೈಕಾಂತದಲ್ಲಿ ಕೊಲ್ಲಲು ಸಂಕಲ್ಪಿಸಿದವನು ಒಬ್ಬ, ಕೊಂದವನು ಇನ್ನೊಬ್ಬ, ಬಂಧಕ್ಕೊಳಗಾಗುವವನು ಮತ್ತೊಬ್ಬನಾಗುತ್ತಾನೆ. ಹಾಗಾದರೆ ಮೋಕ್ಷ ಯಾರಿಗೆ? ಉತ್ಪಾದ, ವ್ಯಯ, ಧ್ರೌವ್ಯಗಳು ಕೂಡಿದ ವಸ್ತುವಿನಲ್ಲಿ ಈ ತೊಡಕಿಲ್ಲ. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಉತ್ತರದ ಬಲವನ್ನಲ್ಲ, ಪ್ರಶ್ನೆಯನ್ನು ನಮ್ಮವರು ಎಷ್ಟು ಶುದ್ಧವಾಗಿ ಉಳಿಸಿದರೆಂಬುದನ್ನು.

ಧರ್ಮಕೀರ್ತಿಯ ಪ್ರಮಾಣವಾರ್ತಿಕವು ಸಂಸ್ಕೃತದಲ್ಲಿ ಬಹುಕಾಲ ದೊರೆಯದಾಗಿತ್ತು. ೧೯೩೦ರ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ತಿಬೇಟಿನ ವಿಹಾರಗಳನ್ನು ಸುತ್ತಿ ಅದರ ಓಲೆಗಳನ್ನು ಕಂಡರು. ಅದೇ ಕಾಲದಲ್ಲಿ ಪಂಡಿತ ಮಹೇಂದ್ರಕುಮಾರ ನ್ಯಾಯಾಚಾರ್ಯರು ಅಕಲಂಕಗ್ರಂಥತ್ರಯವನ್ನೂ (೧೯೩೯) ನ್ಯಾಯಕುಮುದಚಂದ್ರವನ್ನೂ ಸಂಪಾದಿಸುತ್ತಿದ್ದರು. ಅವರ ಅಡಿಟಿಪ್ಪಣಿಗಳನ್ನು ತಾಳ್ಮೆಯಿಂದ ನೋಡಿದವರಿಗೆ ಒಂದು ಸಂಗತಿ ಮನವರಿಕೆಯಾಗುತ್ತದೆ. ಅಕಲಂಕದೇವರು ಖಂಡಿಸುವುದು ಕೇಳಿ ತಿಳಿದ ಬೌದ್ಧಮತವನ್ನಲ್ಲ, ಪುಸ್ತಕವನ್ನು ಎದುರಿಗಿಟ್ಟುಕೊಂಡು ಓದಿದ ಬೌದ್ಧಮತವನ್ನು. ಧರ್ಮಕೀರ್ತಿಯ ಪದಗಳನ್ನೇ ಎತ್ತಿಕೊಂಡು, ಒಂದೆರಡು ಅಕ್ಷರಗಳನ್ನು ತಿರುಗಿಸಿ, ಅವನ ಮಾತಿನಿಂದಲೇ ಅವನಿಗೆ ಉತ್ತರ ಹೇಳುವುದು ಅವರ ರೀತಿ. ಮೂಲವನ್ನು ಬಲ್ಲವರಿಗಲ್ಲದೆ ಈ ಚಮತ್ಕಾರ ತಿಳಿಯಲಾರದು. ಎಂದರೆ ಅವರ ಓದುಗರಿಗೂ ಮೂಲವು ತಿಳಿದಿತ್ತು.

ವಾದಿರಾಜಸೂರಿಗಳ ಸಾಕ್ಷ್ಯ ನಮಗೆ ಇನ್ನೂ ಹತ್ತಿರದ್ದು. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ೧೦೨೫ರಲ್ಲಿ, ಪಾರ್ಶ್ವನಾಥಚರಿತವನ್ನು ಮುಗಿಸಿದ ಇವರು ಅಕಲಂಕರ ನ್ಯಾಯವಿನಿಶ್ಚಯಕ್ಕೆ ವಿಸ್ತಾರವಾದ ವಿವರಣವನ್ನು ಬರೆದರು. ಅದರಲ್ಲಿ ಪ್ರಜ್ಞಾಕರಗುಪ್ತನ ವಾರ್ತಿಕಾಲಂಕಾರದಿಂದ ಎತ್ತಿದ ವಾಕ್ಯಗಳು ಹೇರಳವಾಗಿವೆ. ಆ ಅಲಂಕಾರವು ಅಚ್ಚಾದುದು ೧೯೫೩ರಲ್ಲಿ, ಅದೂ ತಿಬೇಟಿನಿಂದ ಬಂದ ಪ್ರತಿಯ ಆಧಾರದಿಂದ. ಬಳ್ಳಿಗಾವೆಯ ವಿಹಾರ ಏಳುವುದಕ್ಕೆ ನಾಲ್ವತ್ತು ವರ್ಷ ಮೊದಲಿನ ಚಾಲುಕ್ಯರಾಜ್ಯದಲ್ಲಿ ಪ್ರಜ್ಞಾಕರನ ಗ್ರಂಥವನ್ನು ಹಾಳೆಹಾಳೆಯಾಗಿ ಓದಿದ ದಿಗಂಬರಾಚಾರ್ಯರಿದ್ದರು. ಹಾಗಿದ್ದ ಮೇಲೆ ರೂಪಭಟ್ಟಯ್ಯನೂ ಡಂಬಳದ ಸೆಟ್ಟಿಗಳೂ ಪೋಷಿಸಿದ ಬೌದ್ಧರನ್ನು ಕೇವಲ ತಾರಾಪೂಜಕರೆಂದು ಎಣಿಸಿ ಕೈಬಿಡುವ ಇತಿಹಾಸಕಾರರ ಮಾತನ್ನು ನಾನು ಒಪ್ಪಲಾರೆನು. ವಾದಿರಾಜರಂಥವರು ಸತ್ತ ಹಾವನ್ನು ಹೊಡೆಯಲು ಅಷ್ಟು ಗ್ರಂಥಪ್ರಮಾಣವನ್ನು ವ್ಯಯಿಸಿದರೆಂಬುದು ನಂಬತಕ್ಕುದಲ್ಲ.

ಈ ಉಪಕಾರವು ಒಂದು ಕಡೆಯದಲ್ಲ. ಪಾತ್ರಕೇಸರಿಸ್ವಾಮಿಗಳು ಬೌದ್ಧರ ಹೇತುಲಕ್ಷಣವನ್ನು ಮುರಿಯಲು ತ್ರಿಲಕ್ಷಣಕದರ್ಥನವೆಂಬ ಗ್ರಂಥವನ್ನು ರಚಿಸಿದರು. ಶ್ರವಣಬೆಳಗೊಳದ ಮಲ್ಲಿಷೇಣಪ್ರಶಸ್ತಿಯೂ ಅದನ್ನು ಸ್ಮರಿಸುತ್ತದೆ. ಗ್ರಂಥವು ಲುಪ್ತವಾಗಿದೆ. ಆದರೆ ಬೌದ್ಧಾಚಾರ್ಯ ಶಾಂತರಕ್ಷಿತನು ತತ್ತ್ವಸಂಗ್ರಹದಲ್ಲಿ ‘ಪಾತ್ರಸ್ವಾಮಿ’ ಎಂಬ ಹೆಸರಿನಿಂದ ಅವರ ಮತವನ್ನು ಪೂರ್ವಪಕ್ಷವಾಗಿ ಇಟ್ಟಿದ್ದಾನೆ. ನಮ್ಮ ಆಚಾರ್ಯರ ಕಾರಿಕೆಗಳನ್ನು ನಾವು ಇಂದು ಓದಬಹುದಾದುದು ಅವರ ಪ್ರತಿವಾದಿಯ ಪುಸ್ತಕದಲ್ಲಿ. ಆ ಪುಸ್ತಕವಾದರೂ ಉಳಿದುದು ಎಲ್ಲಿ? ಪಾಟಣ ಮತ್ತು ಜೈಸಲಮೇರಿನ ಜೈನಭಂಡಾರಗಳಲ್ಲಿ. ಅವುಗಳ ಓಲೆಗಳಿಂದ ೧೯೨೬ರಲ್ಲಿ ಬಡೋದೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಅದು ಅಚ್ಚಾಯಿತು. ಧರ್ಮೋತ್ತರನ ನ್ಯಾಯಬಿಂದುಟೀಕೆಯನ್ನು ಪೀಟರ್ಸನ್ ಅವರು ೧೮೮೯ರಲ್ಲಿ ಪ್ರಕಟಿಸಿದುದು ಖಂಭಾತದ ಶಾಂತಿನಾಥ ಭಂಡಾರದ ಪ್ರತಿಯಿಂದ. ಅಕಲಂಕದೇವರ ಸಿದ್ಧಿವಿನಿಶ್ಚಯದ ಮೂಲವು ಪ್ರತ್ಯೇಕವಾಗಿ ಸಿಕ್ಕಲಿಲ್ಲ. ಕಚ್ಛದ ಶ್ವೇತಾಂಬರ ಭಂಡಾರದಲ್ಲಿದ್ದ ಅನಂತವೀರ್ಯರ ಟೀಕೆಯಿಂದ ಮೂಲದ ಪದಗಳನ್ನು ಒಂದೊಂದಾಗಿ ಆರಿಸಿ ಮಹೇಂದ್ರಕುಮಾರರು ಅದನ್ನು ಕಟ್ಟಿ, ೧೯೫೯ರಲ್ಲಿ ಹೊರತಂದರು. ಆ ಟೀಕೆಯ ಲಿಪಿಕಾರನೂ ಬೇಡವೆನಿಸಿದ ಕಡೆ ತೆರಪು ಬಿಟ್ಟಿದ್ದರೆ ಸಿದ್ಧಿವಿನಿಶ್ಚಯವು ಇಂದು ಹೆಸರಾಗಿ ಮಾತ್ರ ಉಳಿದಿರುತ್ತಿತ್ತು.

ಅಕಲಂಕರ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದ್ದೇವೆ. ಹಿಮಶೀತಲನ ಸಭೆ, ತೆರೆಯ ಮರೆಯಲ್ಲಿ ಘಟದಿಂದ ವಾದಿಸುವ ತಾರಾದೇವಿ, ಕಾಲಿನಿಂದ ಒಡೆದ ಘಟ ಇವೇ ನೆನಪಿನಲ್ಲಿ ನಿಲ್ಲುತ್ತವೆ. ಮಲ್ಲಿಷೇಣಪ್ರಶಸ್ತಿಯಲ್ಲಿ ಅಕಲಂಕರ ಬಾಯಿಂದಲೇ ಬರುವ ಮಾತು, ಇದನ್ನು ಅಹಂಕಾರದಿಂದಾಗಲಿ ದ್ವೇಷದಿಂದಾಗಲಿ ಮಾಡಲಿಲ್ಲ, ನೈರಾತ್ಮ್ಯವನ್ನು ನಂಬಿ ಕೆಡುವ ಜನರ ಮೇಲಣ ಕಾರುಣ್ಯದಿಂದ ಮಾಡಿದೆನು ಎಂಬ ಅಭಿಪ್ರಾಯದ್ದು. ಇದರಲ್ಲಿ ಇತಿಹಾಸವೆಷ್ಟು, ಭಕ್ತಿಯೆಷ್ಟು ಎಂಬ ಜಿಜ್ಞಾಸೆ ಬೇರೆ. ಪ್ರಭಾಚಂದ್ರರ ಗದ್ಯಕಥಾಕೋಶದಲ್ಲಿ ಬರುವ ಇನ್ನೊಂದು ಪ್ರಸಂಗದ ಕಡೆ ವಿದ್ವಜ್ಜನರ ಗಮನವನ್ನು ಸೆಳೆಯಬೇಕೆಂದಿದ್ದೇನೆ. ಅಕಲಂಕ ನಿಕಲಂಕರು ವೇಷ ಮರೆಸಿಕೊಂಡು ಬೌದ್ಧಗುರುವಿನ ಬಳಿ ಓದುತ್ತಿದ್ದಾರೆ. ಗುರುವು ದಿಙ್ನಾಗನ ಅನೇಕಾಂತಖಂಡನವನ್ನು ಹೇಳುತ್ತಿರುವಾಗ, ಜೈನರ ಮತವನ್ನು ಇಟ್ಟಿರುವ ಪೂರ್ವಪಕ್ಷದ ಪಾಠವು ಅಶುದ್ಧವಾಗಿದ್ದು ಅರ್ಥವಾಗುವುದಿಲ್ಲ. ಅವನು ಪಾಠವನ್ನು ಅಲ್ಲಿಗೇ ನಿಲ್ಲಿಸಿ ಹೋಗುತ್ತಾನೆ. ಆ ರಾತ್ರಿ ಅಕಲಂಕನು ಪುಸ್ತಕವನ್ನು ತೆರೆದು ಅಕ್ಷರವನ್ನು ತಿದ್ದಿಡುತ್ತಾನೆ. ಮರುದಿನ ತಿದ್ದಿದ ಪಾಠವನ್ನು ಕಂಡು ಗುರುವಿಗೆ ಶಿಷ್ಯರಲ್ಲಿ ಯಾರೋ ಜೈನನಿದ್ದಾನೆಂದು ಸಂಶಯ ಹುಟ್ಟುತ್ತದೆ. ಪರೀಕ್ಷೆಗಳಾಗುತ್ತವೆ, ಸೋದರರು ಓಡುತ್ತಾರೆ, ನಿಕಲಂಕನು ಪ್ರಾಣವನ್ನು ಕೊಡುತ್ತಾನೆ. ಪ್ರತಿವಾದಿಯ ಪುಸ್ತಕದಲ್ಲಿಯಾದರೂ ಪೂರ್ವಪಕ್ಷವು ಅಶುದ್ಧವಾಗಿರಬಾರದೆಂದು ಪ್ರಾಣಕ್ಕೆ ಅಪಾಯ ತಂದುಕೊಂಡವನ ಕಥೆಯಿದು. ಕಥೆಯೆಂದೇ ಇಟ್ಟುಕೊಂಡರೂ, ಅದನ್ನು ಕಟ್ಟಿದವರಿಗೆ ಗ್ರಂಥಶುದ್ಧಿಯೆಂದರೆ ಏನೆಂಬುದು ತಿಳಿದಿತ್ತು.

ಹನ್ನೆರಡನೆಯ ಶತಮಾನದ ಅನಂತರ ಈ ನಾಡಿನ ಬೌದ್ಧರ ಸುದ್ದಿ ವಿರಳವಾಗುತ್ತದೆ. ಬೇಲೂರಿನ ೧೩೯೭ರ ಶಾಸನವೊಂದರಲ್ಲಿ ಕೇಶವನನ್ನು ಬೇರೆ ಬೇರೆ ಮತದವರು ಬೇರೆ ಬೇರೆ ಹೆಸರುಗಳಿಂದ ಉಪಾಸಿಸುತ್ತಾರೆಂಬ ಶ್ಲೋಕವಿದ್ದು, ಅಲ್ಲಿ ಅರ್ಹಂತನನ್ನು ಪೂಜಿಸುವ ಜೈನರೊಡನೆ ಬುದ್ಧನನ್ನು ಪೂಜಿಸುವ ಬೌದ್ಧರ ಹೆಸರೂ ಬಂದಿದೆ. ಆ ಕಾಲದ ಬೇಲೂರಿನಲ್ಲಿ ಜೈನರು ಕಣ್ಣಿಗೆ ಕಾಣುತ್ತಿದ್ದರು. ಬೌದ್ಧರು ಶ್ಲೋಕದೊಳಗೆ ಮಾತ್ರ ಉಳಿದಿದ್ದರೆಂದು ನನ್ನ ಊಹೆ.

ಅವರು ಮರಳಿ ಬಂದ ಬಗೆ ವಿಚಿತ್ರವಾದುದು. ೧೯೬೦ರ ದಶಕದಲ್ಲಿ ಬೈಲುಕುಪ್ಪೆಯಲ್ಲಿಯೂ ಮುಂಡಗೋಡಿನಲ್ಲಿಯೂ ತಿಬೇಟಿನ ನಿರಾಶ್ರಿತರಿಗೆ ನೆಲೆ ದೊರೆಯಿತು. ಅನಂತರ ಅವರ ಮಹಾವಿಹಾರಗಳಲ್ಲಿ ಸೆರಾ ಬೈಲುಕುಪ್ಪೆಯಲ್ಲಿಯೂ, ಡ್ರೆಪುಂಗ್ ಮತ್ತು ಗಾಂದೆನ್‌ಗಳು ಮುಂಡಗೋಡಿನಲ್ಲಿಯೂ ಪುನಃ ಸ್ಥಾಪಿತವಾದವು. ಅಲ್ಲಿಯ ಭಿಕ್ಷುಗಳ ಪಠ್ಯಕ್ರಮದಲ್ಲಿ ಪ್ರಮಾಣವಾರ್ತಿಕವು ತಿಬೇಟೀ ಭಾಷಾಂತರದಲ್ಲಿ ಇಂದಿಗೂ ಇದೆ. ಅಂಗಳದಲ್ಲಿ ಇಬ್ಬಿಬ್ಬರಾಗಿ, ಒಬ್ಬನು ಕುಳಿತು ಇನ್ನೊಬ್ಬನು ನಿಂತು ಚಪ್ಪಾಳೆ ತಟ್ಟಿ ಪ್ರಶ್ನಿಸುತ್ತ, ಹೇತುಲಕ್ಷಣವನ್ನೂ ಅಪೋಹವನ್ನೂ ವಾದಿಸುತ್ತಾರೆ. ಮುಂಡಗೋಡು ಇರುವುದು ಉತ್ತರ ಕನ್ನಡದಲ್ಲಿ. ರಕ್ಖಿತಥೇರನು ಬಂದನೆನ್ನುವ ಬನವಾಸಿಯೂ, ಭಟ್ಟಾಕಲಂಕರ ಹೆಸರನ್ನು ಹೊತ್ತ ಸೋದೆಯ ಜೈನಮಠವೂ ಅದೇ ಜಿಲ್ಲೆಯಲ್ಲಿವೆ.

ಹೆಬ್ಬೆಯ ಪ್ರತಿಯ ವಿಷಯ ಇಷ್ಟು. ಮನೆಯವರ ಒಪ್ಪಿಗೆಯನ್ನು ಪಡೆದು, ಬಿಟ್ಟುಹೋದ ಪೂರ್ವಪಕ್ಷವನ್ನು ಮುದ್ರಿತ ಪಾಠದಿಂದ ಬೇರೆ ಕಾಗದದ ಮೇಲೆ ಕನ್ನಡ ಲಿಪಿಯಲ್ಲಿ ಬರೆದು ಆ ತಾಣದಲ್ಲಿಯೇ ಇಟ್ಟು ಬಂದಿದ್ದೇನೆ. ಲಿಪಿಕಾರನ ತೆರಪನ್ನು ಮುಟ್ಟಲಿಲ್ಲ, ಅದು ಅವನದು. ಮನೆಯ ಹಿರಿಯರು ನಾನು ಬರೆದುದನ್ನು ಓದಿಸಿ ಕೇಳಿದರು. ಕೇಳಿ, ‘ಈ ಬೌದ್ಧ ಹೇಳುವುದೂ ಸರಿಯಾಗಿಯೇ ಇದೆಯಲ್ಲ, ಪಂಡಿತರೇ’ ಎಂದರು. ಮುಂದಿನ ಪುಟವನ್ನು ಓದೋಣವೆಂದು ಹಾಳೆ ತಿರುಗಿಸಿದೆನು.